ಪ್ಲಾಟಿನ ದರ ಬೇರೆ, ಬಾಡಿಗೆಯ ಲೆಕ್ಕ ಬೇರೆ

ಅಮೀನಗಡದ ಹೊರವಲಯದಲ್ಲಿ ಹೊಲಕ್ಕೆ ಗಡಿಕಲ್ಲು ನೆಟ್ಟು ಪ್ಲಾಟು ಮಾಡಿದಲ್ಲೆಲ್ಲ ಕೇಳುವುದು ಒಂದೇ ಮಾತು: ‘ಈಗ ತಗೊಂಡ್ರ ಚಲೋರಿ, ಮುಂದ ಈ ರೇಟಿಗೆ ಸಿಗೂದಿಲ್ಲ.’ ಹಾಗೆ ಹೇಳುವವರು ಸುಳ್ಳು ಹೇಳುತ್ತಿಲ್ಲ. ರಾಯಚೂರು–ಬೆಳಗಾವಿ ರಸ್ತೆಯ ಮೇಲಿನ ಊರು, ಕರದಂಟಿನ ಹೆಸರು, ವಾರದ ಕುರಿ ಸಂತೆ, ಐಹೊಳೆಗೆ ಹೋಗುವವರು ತಿರುಗುವ ಜಾಗ, ಮೇಲಾಗಿ ಈಗ ಪಟ್ಟಣ ಪಂಚಾಯಿತಿ. ಹಿಂದೆ ಇಲ್ಲಿ ಪ್ಲಾಟು ಹಿಡಿದವರು ಅತ್ತದ್ದನ್ನು ನಾನು ಕಂಡಿಲ್ಲ. ಆದರೆ ಅದೇ ಪ್ಲಾಟಿನಲ್ಲಿ ಎರಡು ಮನೆ ಕಟ್ಟಿ, ಬಾಡಿಗೆಗೆ ಕೊಟ್ಟು, ತಿಂಗಳಾ ಕೈಗೆ ದುಡ್ಡು ಬರಲಿ ಎನ್ನುವವರು ಇನ್ನೊಂದು ಪ್ರಶ್ನೆ ಕೇಳಬೇಕು. ಈ ಊರಲ್ಲಿ ಬಾಡಿಗೆ ಕೊಡುವವರು ಯಾರು? ಅವರು ಮನೆಗೆಂದು ಎಷ್ಟು ತೆಗೆದಿಡಬಲ್ಲರು?

ಪ್ಲಾಟು ಕೊಳ್ಳುವ ದುಡ್ಡಿನ ಮೂಲ ಈ ಊರೇ ಆಗಿರಬೇಕೆಂದಿಲ್ಲ. ಗೋವಾ, ಮಂಗಳೂರು, ಬೆಂಗಳೂರಿನಲ್ಲಿ ದುಡಿದವರ ಉಳಿತಾಯ ಬರುತ್ತದೆ, ನಿವೃತ್ತರಾದ ಮೇಷ್ಟ್ರ ಗ್ರಾಚ್ಯುಟಿ ಬರುತ್ತದೆ, ಆಲಮಟ್ಟಿ ಹಿನ್ನೀರಿಗೆ ಹೊಲ ಬಿಟ್ಟುಕೊಟ್ಟವರ ಪರಿಹಾರ ಬರುತ್ತದೆ. ಬಾಡಿಗೆಯ ದುಡ್ಡು ಹಾಗಲ್ಲ, ಅದು ಇದೇ ಊರಿನ ಸಂಬಳ ಮತ್ತು ದಿನಗೂಲಿಯಿಂದಲೇ ಹೊರಡಬೇಕು. ಆದ್ದರಿಂದ ಪ್ಲಾಟಿನ ದರ ಜಿಗಿದರೂ ಬಾಡಿಗೆ ಜಿಗಿಯುವುದಿಲ್ಲ. ಈ ಭಾಗದಲ್ಲಿ ಬಾಡಿಗೆ ಮನೆಗೆ ಕೈಹಾಕಿ ಬೇಸರಪಟ್ಟವರಲ್ಲಿ ಹೆಚ್ಚಿನವರು ಈ ಎರಡನ್ನೂ ಒಂದೇ ಎಂದು ತಿಳಿದವರು.

ಬಾಡಿಗೆದಾರನ ಸಂಬಳದಿಂದ ಶುರು ಮಾಡಿ

ಅಮೀನಗಡದಂಥ ಊರಿನಲ್ಲಿ ಬಾಡಿಗೆಗೆ ಮನೆ ಹುಡುಕಿಕೊಂಡು ಬರುವವರು ಯಾರು? ಸರಕಾರಿ ಶಾಲೆಯ ಶಿಕ್ಷಕರು, ಕಾಲೇಜಿನ ಉಪನ್ಯಾಸಕರು, ಬ್ಯಾಂಕಿನವರು, ಹೆಸ್ಕಾಂ ಲೈನ್‌ಮನ್ನರು, ಆಸ್ಪತ್ರೆಯ ನರ್ಸುಗಳು, ಪೊಲೀಸರು. ಅವರ ಜತೆಗೆ ಸಣ್ಣ ವ್ಯಾಪಾರದವರು, ಗಾರೆ ಕೆಲಸದವರು, ಹಳ್ಳಿಯಿಂದ ಮಕ್ಕಳ ಸಾಲಿಗಾಗಿ ಬಂದು ಕೂತವರು. ಇವರಲ್ಲಿ ನೌಕರರ ಲೆಕ್ಕ ಸಿಗುವುದು ಸುಲಭ. 2024ರ ಆಗಸ್ಟ್‌ನಿಂದ ಜಾರಿಗೆ ಬಂದ ರಾಜ್ಯದ ಏಳನೇ ವೇತನ ಆಯೋಗದ ಶ್ರೇಣಿಯಲ್ಲಿ ಮನೆಬಾಡಿಗೆ ಭತ್ಯೆ ಬೆಂಗಳೂರಿನಂಥ ನಗರಕ್ಕೆ ಮೂಲ ವೇತನದ ಶೇ 20, ನಡುವಿನ ನಗರಗಳಿಗೆ ಶೇ 15, ಉಳಿದ ಊರುಗಳಿಗೆ ಶೇ 7.5. ಬಾಗಲಕೋಟೆ ಜಿಲ್ಲೆಯ ಊರುಗಳೆಲ್ಲ ಈ ಕೊನೆಯ ಸಾಲಿನವು.

ಹಾಗಾದರೆ ಮೂಲ ವೇತನ 50,000 ಇರುವ ಶಿಕ್ಷಕರಿಗೆ ಸಿಗುವ ಭತ್ಯೆ 3,750 ರೂಪಾಯಿ, 70,000 ಇರುವವರಿಗೆ 5,250. ಭತ್ಯೆಗಿಂತ ಹೆಚ್ಚು ಬಾಡಿಗೆ ಕೊಡಬಾರದೆಂದು ಕಾನೂನೇನಿಲ್ಲ, ಕೊಡುವವರೂ ಇದ್ದಾರೆ. ಆದರೆ ‘ಸರಕಾರದವ್ರು ಇಷ್ಟ ಕೊಡ್ತಾರ್ರೀ, ನಾ ಎಲ್ಲಿಂದ ತರ್ಲಿ?’ ಎಂಬ ಮಾತು ಚೌಕಾಸಿಯಲ್ಲಿ ಬಂದೇ ಬರುತ್ತದೆ. ನೀವು ಮನಸ್ಸಿನಲ್ಲಿ ಇಟ್ಟುಕೊಂಡ ಬಾಡಿಗೆ ಈ ಭತ್ಯೆಯ ಎರಡು ಪಟ್ಟಿಗೆ ಹೋಯಿತೆಂದರೆ ಆ ಮನೆಗೆ ಬರುವವರು ಬೆರಳೆಣಿಕೆಯಷ್ಟೇ ಎಂದು ತಿಳಿಯಿರಿ.

ಇದಕ್ಕೆ ಇನ್ನೊಂದು ಎಳೆ ಸೇರಿಕೊಂಡಿದೆ. 2023ರ ಜೂನ್ 11ರಿಂದ ಶಕ್ತಿ ಯೋಜನೆಯಡಿ ಮಹಿಳೆಯರಿಗೆ ಸರಕಾರಿ ಬಸ್ಸು ಉಚಿತ. ಶಿಕ್ಷಕಿಯರು, ನರ್ಸುಗಳು ಬಾಗಲಕೋಟೆಯಲ್ಲೋ ಇಳಕಲ್‌ನಲ್ಲೋ ಮನೆ ಮಾಡಿ ದಿನಾ ಬಸ್ಸಿನಲ್ಲಿ ಓಡಾಡಿದರೆ ಟಿಕೀಟಿನ ಖರ್ಚೇ ಇಲ್ಲ. ಮಕ್ಕಳಿಗೆ ದೊಡ್ಡ ಊರಿನ ಶಾಲೆ, ಹತ್ತಿರದಲ್ಲೇ ಆಸ್ಪತ್ರೆ. ಹೀಗಿರುವಾಗ ನಿಮ್ಮ ಮನೆಗೆ ಎದುರಾಳಿ ಪಕ್ಕದ ಓಣಿಯ ಮನೆಯೊಂದೇ ಅಲ್ಲ, ಬಾಗಲಕೋಟೆಯ ನವನಗರವೂ ಎದುರಾಳಿ. ಅಮೀನಗಡದಲ್ಲಿ ಕೆಲಸ ಮಾಡುವವರು ಎಷ್ಟು ಮಂದಿ ಎಂದು ಎಣಿಸುವುದಕ್ಕಿಂತ ಸಂಜೆ ಬಸ್ಸಿಗೆ ಕಾಯುವವರು ಎಷ್ಟು ಮಂದಿ ಎಂದು ನೋಡುವುದು ಮೇಲು. ಸಂಜೆ ಐದರ ಹೊತ್ತಿಗೆ ಬಸ್ ನಿಲ್ದಾಣದಲ್ಲಿ ಅರ್ಧ ತಾಸು ನಿಂತರೆ ಯಾವ ಏಜೆಂಟನೂ ಹೇಳದ ಸಂಗತಿ ಕಣ್ಣಿಗೆ ಬೀಳುತ್ತದೆ.

ಒಂದು ಪ್ಲಾಟು, ಎರಡು ಮನೆ

ಈಗ ಕಾಗದ ಪೆನ್ನು ತಗೊಳ್ಳಿ. ಕೆಳಗಿನ ದರಗಳು ಲೆಕ್ಕದ ಬಗೆ ತೋರಿಸಲು ಹಿಡಿದವು, ಅವುಗಳ ಜಾಗದಲ್ಲಿ ನಿಮ್ಮ ಓಣಿಯ ದರ ಹಾಕಿಕೊಳ್ಳಿ. 30–40ರ ಪ್ಲಾಟಿಗೆ 8 ಲಕ್ಷ ಎನ್ನೋಣ. ಮುದ್ರಾಂಕ ಶುಲ್ಕ ಶೇ 5, ಅದರ ಮೇಲಿನ ಸೆಸ್ಸು ಸರ್‌ಚಾರ್ಜು, 2025ರ ಆಗಸ್ಟ್ 31ರಿಂದ ಶೇ 1ರ ಬದಲು ಶೇ 2 ಆಗಿರುವ ನೋಂದಣಿ ಶುಲ್ಕ, ಎಲ್ಲ ಕೂಡಿ ಪಟ್ಟಣದಲ್ಲಿ ಸುಮಾರು ಶೇ 7.6. ಅಂದರೆ 60 ಸಾವಿರದ ಮೇಲೆ. ಐನೂರು ಚದರಡಿಯ ಎರಡು ಮನೆ, ಚದರಡಿಗೆ 1,600ರಂತೆ 16 ಲಕ್ಷ. ಬೋರು, ಸಂಪು, ಕಂಪೌಂಡಿಗೆ 2 ಲಕ್ಷ. ಒಟ್ಟು 26 ಲಕ್ಷ 60 ಸಾವಿರ.

ಮನೆಯೊಂದಕ್ಕೆ 4,500 ಬಾಡಿಗೆ ಬಂದರೆ ವರ್ಷಕ್ಕೆ 1,08,000. ಮನೆಗಳು ವರ್ಷದಲ್ಲಿ ಒಂದು ತಿಂಗಳು ಖಾಲಿ ಬೀಳುತ್ತವೆ ಎಂದು 9,000 ಕಳೆಯಿರಿ. ನಳದ ತೋಟಿ, ಮೋಟರು, ಸುಣ್ಣಬಣ್ಣ, ಆಸ್ತಿ ತೆರಿಗೆ ಎಂದು ಇನ್ನೊಂದು 11,000 ಕಳೆದರೆ ಉಳಿಯುವುದು 88,000. ಹಾಕಿದ ದುಡ್ಡಿಗೆ ಶೇ 3.3. ಅದೇ ದುಡ್ಡನ್ನು ಬ್ಯಾಂಕಿನಲ್ಲಿ ಠೇವಣಿ ಇಟ್ಟರೂ ಇದಕ್ಕಿಂತ ಹೆಚ್ಚು ಬರುತ್ತದೆ, ಅಲ್ಲಿ ಮೋಟರು ಸುಡುವ ಗೊಡವೆಯೂ ಇಲ್ಲ.

ಸಾಲ ಮಾಡಿ ಕಟ್ಟಿದರಂತೂ ಕೇಳಬೇಡಿ. 15 ಲಕ್ಷ ಸಾಲಕ್ಕೆ ಶೇ 8ರ ಬಡ್ಡಿಯಲ್ಲಿ 20 ವರ್ಷದ ಕಂತು ತಿಂಗಳಿಗೆ ಸುಮಾರು 12,550. ಎರಡೂ ಮನೆ ತುಂಬಿದ್ದಾಗಲೂ ಬಾಡಿಗೆ 9,000. ತಿಂಗಳಾ ಮೂರೂವರೆ ಸಾವಿರ ನಿಮ್ಮ ಜೇಬಿನಿಂದ ಹೋಗಬೇಕು. ‘ಬಾಡಗಿಯಿಂದ ಕಂತು ಹರೀತದ’ ಎಂದು ಯಾರಾದರೂ ಹೇಳಿದರೆ ಈ ಗುಣಾಕಾರವನ್ನು ಅವರ ಎದುರಿಗೇ ಮಾಡಿ ತೋರಿಸಿ.

ಹಾಗಾದರೆ ಬಾಡಿಗೆ ಮನೆ ಕಟ್ಟಲೇಬಾರದೇ? ಕಟ್ಟಬಹುದು, ಹೊಸ ಪ್ಲಾಟು ಕೊಂಡಲ್ಲ. ನಿಮ್ಮದೇ ಆರ್‌ಸಿಸಿ ಮನೆ ಇದ್ದು ಅದರ ಪಾಯ, ಕಾಲಂ ಗಟ್ಟಿಯಿದ್ದರೆ ಮೇಲೊಂದು ಅಂತಸ್ತು ಏರಿಸಿ. ಆರುನೂರು ಚದರಡಿಗೆ ಅದೇ ದರದಲ್ಲಿ 9.6 ಲಕ್ಷ, ಹೊರಗಿನ ಮೆಟ್ಟಿಲು ಸೇರಿ 10 ಲಕ್ಷ. ಬಾಡಿಗೆ 5,000 ಬಂದು ಖರ್ಚು ಕಳೆದು ವರ್ಷಕ್ಕೆ 52,000 ಉಳಿದರೂ ಶೇ 5.2 ಆಯಿತು. ಜಾಗದ ದುಡ್ಡು ಕಟ್ಟಬೇಕಿಲ್ಲ, ಸಂಪು ಬೋರು ಆಗಲೇ ಇವೆ, ಬಾಡಿಗೆದಾರರು ಕಣ್ಣೆದುರಿಗೇ ಇರುತ್ತಾರೆ. ಈ ಭಾಗದ ಸಣ್ಣ ಊರುಗಳಲ್ಲಿ ಬಾಡಿಗೆಯಿಂದ ನಿಜವಾಗಿ ನಾಲ್ಕು ಕಾಸು ಕಂಡವರು ಹೆಚ್ಚಾಗಿ ಹೀಗೆ ಮಾಡಿದವರೇ. ಹೆದ್ದಾರಿಗೆ ಮುಖ ಮಾಡಿದ ಜಾಗ ಇದ್ದರೆ ಕೆಳಗೆ ಮಳಿಗೆ, ಮೇಲೆ ಮನೆ. ಕರದಂಟಿನ ಅಂಗಡಿಗಳು ಸಾಲುಗಟ್ಟಿದ ರಸ್ತೆಯಲ್ಲಿ ಮಳಿಗೆಯ ಬಾಡಿಗೆ ಮನೆಯ ಕೊರತೆಯನ್ನು ತುಂಬಿಕೊಡುತ್ತದೆ. ಆದರೆ ಅಂಥ ಜಾಗ ಇದ್ದವರು ಅದನ್ನು ಸುಲಭಕ್ಕೆ ಮಾರುವುದಿಲ್ಲ.

ನಾಲ್ಕು ಊರು, ನಾಲ್ಕು ಬಗೆಯ ಬಾಡಿಗೆದಾರರು

ದುಡ್ಡು ಅಮೀನಗಡದಲ್ಲೇ ಹಾಕಬೇಕೆಂಬ ಹರಕೆಯೇನೂ ಇಲ್ಲ. ಒಂದೆರಡು ತಾಸಿನ ದಾರಿಯಲ್ಲಿ ಬಾಗಲಕೋಟೆ, ಇಳಕಲ್, ಹುನಗುಂದ, ಬಾದಾಮಿ ಇವೆ. 2011ರ ಜನಗಣತಿಯ ಹೊತ್ತಿಗೆ ಬಾಗಲಕೋಟೆ ಲಕ್ಷ ದಾಟಿತ್ತು, ಇಳಕಲ್ 60 ಸಾವಿರದ ಆಸುಪಾಸು, ಬಾದಾಮಿ ಅದರ ಅರ್ಧ, ಹುನಗುಂದ ಇನ್ನೂ ಚಿಕ್ಕದು. ಜನಸಂಖ್ಯೆಗಿಂತ ಅಲ್ಲಿ ಬಾಡಿಗೆ ಕೊಡುವವರು ಯಾರು ಎನ್ನುವುದು ಮುಖ್ಯ.

ಬಾಗಲಕೋಟೆ ಇವುಗಳಲ್ಲೆಲ್ಲ ಬೇರೆಯೇ. ಆಲಮಟ್ಟಿ ಅಣೆಕಟ್ಟಿನ ಹಿನ್ನೀರಿಗೆ ಹಳೇ ಊರು ಮುಳುಗುತ್ತದೆಂದು ಬಾಗಲಕೋಟೆ ಪಟ್ಟಣ ಅಭಿವೃದ್ಧಿ ಪ್ರಾಧಿಕಾರ ನವನಗರವನ್ನು ಸೆಕ್ಟರು ಸೆಕ್ಟರಾಗಿ ಕಟ್ಟಿತು. 1997ರಲ್ಲಿ ಜಿಲ್ಲೆ ಆದಮೇಲೆ ಕಚೇರಿಗಳೂ ಬಂದವು. ವಿದ್ಯಾಗಿರಿಯಲ್ಲಿ ಬಸವೇಶ್ವರ ಎಂಜಿನಿಯರಿಂಗ್ ಕಾಲೇಜು, ನವನಗರದಲ್ಲಿ ಎಸ್. ನಿಜಲಿಂಗಪ್ಪ ವೈದ್ಯಕೀಯ ಕಾಲೇಜು, ಅದಕ್ಕೆ ಹೊಂದಿಕೊಂಡ ಕುಮಾರೇಶ್ವರ ಆಸ್ಪತ್ರೆ, 2008ರಲ್ಲಿ ಶುರುವಾದ ತೋಟಗಾರಿಕೆ ವಿಜ್ಞಾನಗಳ ವಿಶ್ವವಿದ್ಯಾಲಯ. ವಿದ್ಯಾರ್ಥಿಗಳು, ಹೌಸ್ ಸರ್ಜನ್ನರು, ನರ್ಸಿಂಗ್ ಹುಡುಗಿಯರು, ಜಿಲ್ಲಾ ಕಚೇರಿಗಳ ನೌಕರರು, ಆಸ್ಪತ್ರೆಗೆ ಬಂದು ತಿಂಗಳುಗಟ್ಟಲೆ ಉಳಿಯುವ ರೋಗಿಗಳ ಮನೆಯವರು. ಒಬ್ಬರು ಬಿಟ್ಟರೆ ಇನ್ನೊಬ್ಬರು ಬರುತ್ತಾರೆ. ಖಾಲಿ ಬೀಳುವ ಭಯ ಇಲ್ಲಿ ಅಮೀನಗಡದಷ್ಟಿಲ್ಲ.

ವಿದ್ಯಾರ್ಥಿಗಳಿಗೆ ಕೊಡುವುದಾದರೆ ಮನೆಯನ್ನು ರೂಮಿನ ಲೆಕ್ಕದಲ್ಲಿ ಕೊಡಬಹುದು. ಒಂದು ಸಂಸಾರ 7,000 ಕೊಡುವ ಮನೆಗೆ ನಾಲ್ಕು ಹುಡುಗರು ತಲೆಗೆ ಎರಡೂವರೆ ಸಾವಿರ ಕೊಟ್ಟರೆ ಹತ್ತು ಸಾವಿರ ಆಯಿತು. ಪರೀಕ್ಷೆ ಮುಗಿದ ಮೇಲಿನ ತಿಂಗಳುಗಳಲ್ಲಿ ಕೊಡುವರೋ ಇಲ್ಲವೋ ಎಂದು ಮೊದಲೇ ಬರೆಸಿಕೊಳ್ಳಿ. ಬಾತ್‌ರೂಮು, ಗೋಡೆ, ಫ್ಯಾನು ವರ್ಷಕ್ಕೊಮ್ಮೆ ರಿಪೇರಿಗೆ ಬರುತ್ತವೆಂದೂ ಲೆಕ್ಕಕ್ಕೆ ಹಿಡಿಯಿರಿ. ಕಾಲೇಜುಗಳು ತಮ್ಮದೇ ಹಾಸ್ಟೆಲ್ ಕಟ್ಟಿದಾಗ ಆಸುಪಾಸಿನ ರೂಮುಗಳು ಒಂದೇ ವರ್ಷದಲ್ಲಿ ಖಾಲಿಯಾಗುವುದುಂಟು. ಒಂದೇ ಕಾಲೇಜನ್ನು ನಂಬಿ ಕಟ್ಟುವುದಕ್ಕಿಂತ ಕಾಲೇಜು, ಆಸ್ಪತ್ರೆ ಎರಡಕ್ಕೂ ನಡೆದು ಹೋಗಬಹುದಾದ ಜಾಗ ಸಿಕ್ಕರೆ ತುಸು ಹೆಚ್ಚು ಕೊಟ್ಟರೂ ಅಡ್ಡಿಯಿಲ್ಲ.

ಬಾಗಲಕೋಟೆಯಲ್ಲಿ ಎಚ್ಚರ ಬೇಕಾದ ಜಾಗ ಹಳೇ ಊರು. ಆಲಮಟ್ಟಿಯಲ್ಲಿ ಈಗ ನೀರು ನಿಲ್ಲುವುದು 519.6 ಮೀಟರ್‌ವರೆಗೆ. ಅದನ್ನು 524.256 ಮೀಟರಿಗೆ ಏರಿಸಲು ಕೃಷ್ಣಾ ನ್ಯಾಯಮಂಡಳಿ 2010ರಲ್ಲೇ ಒಪ್ಪಿದೆ, ಮೇಲ್ದಂಡೆ ಯೋಜನೆಯ ಮೂರನೇ ಹಂತ ಅದಕ್ಕಾಗಿಯೇ ಇದೆ. ನೀರು ಅಷ್ಟಕ್ಕೆ ನಿಂತರೆ ಹಳೇ ಊರಿನ ಇನ್ನಷ್ಟು ಓಣಿಗಳು ಹೋಗುತ್ತವೆ. ಪರಿಹಾರದ ಆಸೆಗೆ ಅಲ್ಲಿ ಅಗ್ಗದ ಮನೆ ಹಿಡಿಯುವವರಿದ್ದಾರೆ. 2013ರ ಭೂಸ್ವಾಧೀನ ಕಾಯ್ದೆಯ ಪ್ರಕಾರ ಪ್ರಾಥಮಿಕ ಅಧಿಸೂಚನೆ ಹೊರಬಿದ್ದ ಮೇಲೆ ಆ ಜಾಗದ ಖರೀದಿ ವಿಕ್ರಿ ಮಾಡುವಂತಿಲ್ಲ. ಕೊಳ್ಳುವ ಮೊದಲು ಭೂಸ್ವಾಧೀನ ಕಚೇರಿಯಲ್ಲಿ ಸರ್ವೆ ನಂಬರು ಕೊಟ್ಟು ವಿಚಾರಿಸಿ. ನವನಗರದಲ್ಲಿ ಸಂತ್ರಸ್ತರಿಗೆ ಹಂಚಿದ ಸೈಟು ಎರಡನೇ, ಮೂರನೇ ಕೈಗೆ ಬಂದಿದ್ದರೆ ಮೂಲ ಹಂಚಿಕೆ ಪತ್ರದಿಂದ ಹಿಡಿದು ಎಲ್ಲ ಕೊಂಡಿಗಳನ್ನೂ ಕೇಳಿ ಪಡೆಯಿರಿ.

ಇಳಕಲ್ ಮಾತು ಬೇರೆ. ಅಲ್ಲಿ ಬಾಡಿಗೆದಾರರ ಕಸುಬು ಮನೆಯೊಳಗೇ ನಡೆಯುತ್ತದೆ. ಸೀರೆ ನೇಯುವ ಕುಟುಂಬಕ್ಕೆ ಕುಣಿಮಗ್ಗ ಹೂಡಲು ನೆಲ ಅಗೆಯಬೇಕು, ಹಾಸು ಎಳೆಯಲು ಉದ್ದದ ಪಡಸಾಲೆ ಬೇಕು, ನೂಲಿನ ಬಣ್ಣ ಕಾಣುವಷ್ಟು ಬೆಳಕು ಬೇಕು. ಟೈಲ್ಸ್ ಹಾಕಿದ ಎರಡು ಬೆಡ್‌ರೂಮಿನ ಹೊಸ ಮನೆ ಅವರಿಗೆ ಉಪಯೋಗವಿಲ್ಲ. ಹಳೇ ಊರಿನ ಮಣ್ಣಿನ ಮಾಳಿಗೆಯ ಉದ್ದನೆ ಮನೆಗೆ ಅವರು ಖುಷಿಯಿಂದ ಬರುತ್ತಾರೆ, ಬಂದರೆ ವರ್ಷಗಟ್ಟಲೆ ಬಿಡುವುದೂ ಇಲ್ಲ. ವಿದ್ಯುತ್ ಮಗ್ಗವಾದರೆ ಮೀಟರಿನ ವರ್ಗವೇ ಬದಲಾಗುತ್ತದೆ, ದಿನವಿಡೀ ಸಪ್ಪಳಕ್ಕೆ ಮೇಲಿನ ಮನೆಗೆ ಯಾರೂ ಬರುವುದಿಲ್ಲ. ಇದೇ ಮಾತು ಅಮೀನಗಡದ ಪಕ್ಕದ ಸೂಳೇಭಾವಿ, ಕಮತಗಿ, ಆಚೆಯ ಗುಳೇದಗುಡ್ಡಕ್ಕೂ ಸಲ್ಲುತ್ತದೆ. ಇಳಕಲ್‌ನ ಇನ್ನೊಂದು ಬಗೆಯ ಬಾಡಿಗೆದಾರರು ಗ್ರಾನೈಟ್ ಫ್ಯಾಕ್ಟರಿಗಳ ಕೆಲಸಗಾರರು. ಅವರು ಗುಂಪಾಗಿ ರೂಮು ಹಿಡಿಯುತ್ತಾರೆ, ಕಲ್ಲಿನ ಬೇಡಿಕೆ ಇಳಿದಾಗ ಗುಂಪಾಗಿಯೇ ಬಿಡುತ್ತಾರೆ. ಸೊಲ್ಲಾಪುರ–ಚಿತ್ರದುರ್ಗ ಹೆದ್ದಾರಿ, ತಾಲ್ಲೂಕು ಕೇಂದ್ರದ ಪಟ್ಟ, ದಕ್ಷಿಣಕ್ಕೆ ಕುಷ್ಟಗಿಗೆ 2025ರಲ್ಲಿ ಬಂದ ರೈಲು, ಇವೆಲ್ಲ ಇಳಕಲ್ ಪ್ಲಾಟುಗಳ ಜಾಹೀರಾತಿಗೆ ಸಾಮಗ್ರಿ. ಮನೆಯ ಬಾಡಿಗೆ ಮಾತ್ರ ಇಂದಿಗೂ ಸೀರೆ ಮತ್ತು ಕಲ್ಲನ್ನೇ ನಂಬಿಕೊಂಡಿದೆ.

ಹುನಗುಂದದ ಬಗ್ಗೆ ಹೆಚ್ಚು ಹೇಳುವುದೇನಿಲ್ಲ. ತಹಶೀಲ್ದಾರ ಕಚೇರಿ, ಕೋರ್ಟು, ಕಾಲೇಜು ಇರುವ ಊರು. ವಕೀಲರು, ಕಚೇರಿಯವರು ಬಾಡಿಗೆದಾರರು. ಇಳಕಲ್ ಬೇರೆ ತಾಲ್ಲೂಕಾದ ಮೇಲೆ ಒಂದಷ್ಟು ಕಚೇರಿ ಕೆಲಸ ಅತ್ತ ಹೋಗಿದೆ. ಇದ್ದ ಮನೆಯ ಮೇಲೆ ಮಹಡಿ ಏರಿಸಲು ಅಡ್ಡಿಯಿಲ್ಲ, ಹೊಸ ಪ್ಲಾಟಿಗೆ ಅವಸರ ಬೇಡ.

ಬಾದಾಮಿಗೆ ಹೋದವರಿಗೆಲ್ಲ ಹೋಂಸ್ಟೇ ಕನಸು ಬೀಳುತ್ತದೆ. ಗುಹೆ, ಅಗಸ್ತ್ಯ ತೀರ್ಥ, 1987ರಲ್ಲಿ ವಿಶ್ವ ಪರಂಪರೆಯ ಪಟ್ಟಿಗೆ ಸೇರಿದ ಪಟ್ಟದಕಲ್ಲು, ಬನಶಂಕರಿ ಜಾತ್ರೆ, ಜನ ಬರುವುದಂತೂ ನಿಜ. ಆದರೆ ಜನ ಬರುವುದು ಅಕ್ಟೋಬರಿನಿಂದ ಫೆಬ್ರವರಿವರೆಗೆ. ಏಪ್ರಿಲ್, ಮೇ ತಿಂಗಳಲ್ಲಿ ಕೆಂಪು ಬಂಡೆಗಳು ಕಾದು ರಾತ್ರಿಯೂ ಬಿಸಿ ಉಗುಳುವಾಗ ರೂಮು ಕೇಳುವವರಿಲ್ಲ. ಐದು ತಿಂಗಳ ಗಳಿಕೆಯನ್ನು ಹನ್ನೆರಡು ತಿಂಗಳಿಗೆ ಹಂಚಿ ನೋಡಿ. ಹೋಂಸ್ಟೇಗೆ ಪ್ರವಾಸೋದ್ಯಮ ಇಲಾಖೆಯ ನೋಂದಣಿ ಬೇಕು, ಮನೆಯವರು ಅಲ್ಲೇ ಇರಬೇಕು. ಬೆಂಗಳೂರಿನಲ್ಲಿ ಕೂತು ಆಳನ್ನಿಟ್ಟು ನಡೆಸುವ ಕೆಲಸವಲ್ಲ.

ಬಾದಾಮಿ, ಐಹೊಳೆ, ಪಟ್ಟದಕಲ್ಲಿನಲ್ಲಿ ಇದಕ್ಕಿಂತ ಮೊದಲು ಕೇಳಬೇಕಾದ್ದು ಸ್ಮಾರಕ ಎಷ್ಟು ದೂರ ಎಂದು. 2010ರಲ್ಲಿ ತಿದ್ದುಪಡಿಯಾದ ಪ್ರಾಚೀನ ಸ್ಮಾರಕಗಳ ಕಾಯ್ದೆಯ ಪ್ರಕಾರ ಕೇಂದ್ರ ಸಂರಕ್ಷಿತ ಸ್ಮಾರಕದ ಸುತ್ತ 100 ಮೀಟರ್ ಒಳಗೆ ಹೊಸ ಕಟ್ಟಡ ನಿಷಿದ್ಧ, ಅದರಾಚೆಯ 200 ಮೀಟರಿನಲ್ಲಿ ಅನುಮತಿ ಪಡೆದೇ ಕಟ್ಟಬೇಕು. ಐಹೊಳೆಯಲ್ಲಿ ಗುಡಿಗಳ ನಡುವೆಯೇ ಮನೆಗಳಿವೆ. ಅಲ್ಲಿ ಹಳೇ ಮನೆ ಕೊಂಡು ಕೆಡವಿ ಹೊಸದು ಕಟ್ಟುತ್ತೇನೆ ಎನ್ನುವವರು ಕೊಳ್ಳುವ ಮೊದಲೇ ಪುರಾತತ್ವ ಇಲಾಖೆಯ ಉತ್ತರ ಪಡೆಯಬೇಕು. ಮಲಪ್ರಭೆಯ ದಂಡೆಯಾದರೆ 2009 ಮತ್ತು 2019ರಲ್ಲಿ ನೀರು ಎಲ್ಲಿಯವರೆಗೆ ಬಂದಿತ್ತು ಎಂದು ಓಣಿಯ ಹಿರಿಯರನ್ನು ಕೇಳಿ. ಗೋಡೆಯ ಮೇಲಿನ ಗೆರೆಯನ್ನೇ ಕೆಲವರು ತೋರಿಸುತ್ತಾರೆ.

ಮನೆ ನೋಡಲು ಬಂದವರು ಕೇಳುವುದು

‘ನೀರ ಎಷ್ಟ ದಿವ್ಸಕ್ಕೊಮ್ಮೆ ಬರ್ತಾವ್ರೀ?’ ಮೊದಲ ಪ್ರಶ್ನೆ ಇದು. ಬಾಡಿಗೆ ಎಷ್ಟೆಂದು ಕೇಳುವುದು ಆಮೇಲೆ. ನಳದ ನೀರು ದಿನ ಬಿಟ್ಟು ದಿನ ಬರುವ ಕಡೆ ಸಣ್ಣ ಸಂಪು ಸಾಕು, ವಾರಕ್ಕೊಮ್ಮೆ ಬರುವ ಕಡೆ ದೊಡ್ಡದೇ ಬೇಕು. ಬೋರಿನ ನೀರು ಸವಳಿದ್ದರೆ ತೋಟಿ, ಗೀಜರು, ಟೈಲ್ಸು ಬಿಳುಪೇರುತ್ತವೆ. ಕಟ್ಟುವ ಹೊತ್ತಿನಲ್ಲಿ ಅಡುಗೆಮನೆಗೆ ನಳದ ನೀರಿನದೇ ಬೇರೆ ಪೈಪು ಎಳೆದರೆ ಖರ್ಚು ಅಲ್ಪ, ಆಮೇಲೆ ಎಳೆಯಲು ಗೋಡೆ ಒಡೆಯಬೇಕು.

ಎರಡನೇ ಪ್ರಶ್ನೆ, ‘ಮೀಟರ್ ಬ್ಯಾರೆ ಐತೇನ್ರಿ?’ 2023ರಲ್ಲಿ ಗೃಹಜ್ಯೋತಿ ಬಂದ ಮೇಲೆ ಈ ಪ್ರಶ್ನೆಗೆ ತೂಕ ಬಂದಿದೆ. 200 ಯೂನಿಟ್ ಮಿತಿಯೊಳಗೆ ಸರಾಸರಿ ಬಳಕೆಯ ಆಧಾರದ ಮೇಲೆ ಉಚಿತ ವಿದ್ಯುತ್ ಬಾಡಿಗೆದಾರರಿಗೂ ಸಿಗುತ್ತದೆ, ಆದರೆ ಮನೆಗೊಂದು ಆರ್‌ಆರ್ ನಂಬರ್ ಇರಬೇಕು, ಅವರ ಆಧಾರ್ ಅದಕ್ಕೆ ಜೋಡಣೆಯಾಗಬೇಕು. ಎರಡು ಮನೆಗೆ ಒಂದೇ ಮೀಟರಿಟ್ಟು ಬಿಲ್ಲು ಹಂಚುವ ಹಳೇ ಪದ್ಧತಿ ಈಗ ಜಗಳದ ಮೂಲ. ಹಿಂದಿನ ಬಾಡಿಗೆದಾರರು ಬಿಟ್ಟು ಹೋಗುವಾಗ ಆಧಾರ್ ಜೋಡಣೆ ತೆಗೆಸಿ ಹೋಗುವಂತೆ ನೋಡಿಕೊಳ್ಳಿ, ಇಲ್ಲವಾದರೆ ಹೊಸಬರ ಆಧಾರ್ ಜೋಡಿಸುವಾಗ ತೊಡಕಾಗುತ್ತದೆ.

ಯಾರೂ ಕೇಳದಿದ್ದರೂ ನೀವು ನೋಡಬೇಕಾದ್ದು ಮಣ್ಣು. ಎರೆ ಹೊಲವನ್ನು ಪ್ಲಾಟು ಮಾಡಿದ್ದರೆ ಬೇಸಿಗೆಯಲ್ಲಿ ಕೈ ಇಳಿಯುವಷ್ಟು ಬಿರುಕು, ಮಳೆಗಾಲದಲ್ಲಿ ಉಬ್ಬು. ಗರಸು ಸಿಗುವವರೆಗೆ ತೋಡಿ ಕಾಲಂ ನಿಲ್ಲಿಸದಿದ್ದರೆ ಮೂರನೇ ವರ್ಷಕ್ಕೆ ಕಿಟಕಿಯ ಮೂಲೆಯಿಂದ ಸೀಳು ಹೊರಡುತ್ತದೆ. ಮಸಾರಿ ನೆಲದ ಪ್ಲಾಟಿಗಿಂತ ಎರೆ ನೆಲದ್ದು ಅಗ್ಗಕ್ಕೆ ಸಿಕ್ಕಿತೆಂದು ಹಿಗ್ಗಿದವರು ಪಾಯದಲ್ಲಿ ಆ ಉಳಿತಾಯವನ್ನು ಹೂತಿದ್ದಾರೆ. ಬಾಯಾನಾ ಕೊಡುವ ಮೊದಲು ಒಂದು ಗುಂಡಿ ತೋಡಿಸಿ ನೋಡಿ, ಪಕ್ಕದಲ್ಲಿ ಕಟ್ಟಿದ ಮನೆಯ ಗೋಡೆಯನ್ನೂ ನೋಡಿ.

ಕಾಗದಪತ್ರ

ಹೊಲ ಬಿನ್‌ಶೇತ್ಕಿ, ಅಂದರೆ ಎನ್.ಎ., ಆಗಿದೆಯೇ, ಲೇಔಟ್ ಮಂಜೂರಾಗಿದೆಯೇ ಎಂಬುದೇ ಮೊದಲ ಜರಡಿ. 500 ಚದರ ಮೀಟರಿಗಿಂತ ದೊಡ್ಡ ಲೇಔಟಾದರೆ ರೇರಾ ನೋಂದಣಿ ಸಂಖ್ಯೆ ಇರಬೇಕು. ಪಟ್ಟಣ ಪಂಚಾಯಿತಿ ಹದ್ದಿನಲ್ಲಿ ಇ-ಖಾತಾ ಇಲ್ಲದೆ ನೋಂದಣಿ ಆಗುವುದಿಲ್ಲ, ಗ್ರಾಮ ಪಂಚಾಯಿತಿಯಾದರೆ ಇ-ಸ್ವತ್ತಿನ ನಮೂನೆ 9 ಮತ್ತು 11ಎ ಬೇಕು. 11ಬಿ ಮಾತ್ರ ಇದ್ದರೆ, ಪಟ್ಟಣದಲ್ಲಿ ಬಿ ಖಾತಾ ಇದ್ದರೆ, ಬ್ಯಾಂಕಿನ ಸಾಲ ಕಷ್ಟ, ಮುಂದೆ ಮಾರುವಾಗ ದರವೂ ಕಡಿಮೆ. ಗುಂಟೆ ಲೆಕ್ಕದಲ್ಲಿ ಬರೀ ಬಾಂಡಿನ ಮೇಲೆ ಬರೆದುಕೊಡುವ ಪ್ಲಾಟಿನ ಹತ್ತಿರ ಸುಳಿಯಬೇಡಿ. ಮೂಲದಲ್ಲಿ ಪರಿಶಿಷ್ಟರಿಗೆ ಮಂಜೂರಾದ ಜಮೀನಾಗಿದ್ದರೆ 1978ರ ಪಿಟಿಸಿಎಲ್ ಕಾಯ್ದೆಯಡಿ ಮಾರಾಟವೇ ಬಿದ್ದುಹೋಗಬಹುದು. ಹಳೇ ಪಹಣಿಗಳನ್ನು ತೆಗೆಸಿ ನೋಡುವುದು ಅದಕ್ಕೇ.

ಹಳೇ ಊರಿನ ಮನೆ ಕೊಳ್ಳುವವರಿಗೆ ಇದಕ್ಕಿಂತ ದೊಡ್ಡ ತೊಡಕು ಮನೆತನದ್ದು. ವಾಟ್ನಿ ಬಾಯಿಮಾತಿನಲ್ಲಿ ಆಗಿರುತ್ತದೆ, ವಾರಸಾ ಅರ್ಧ ಆಗಿರುತ್ತದೆ, ಉತಾರದಲ್ಲಿ ತೀರಿಹೋದ ಅಜ್ಜನ ಹೆಸರೇ ಇರುತ್ತದೆ. ಅಣ್ಣತಮ್ಮಂದಿರ ಸಹಿ ಸಿಕ್ಕಿತು ಎಂದು ಖರೀದಿ ಮಾಡಿದ ಮೇಲೆ ಕೊಟ್ಟ ಮನೆಯಿಂದ ಅಕ್ಕ ಕೋರ್ಟಿಗೆ ಬರುತ್ತಾರೆ. ಹಿಂದೂ ಉತ್ತರಾಧಿಕಾರ ಕಾಯ್ದೆಯ 2005ರ ತಿದ್ದುಪಡಿಯಿಂದ ಪಿತ್ರಾರ್ಜಿತ ಆಸ್ತಿಯಲ್ಲಿ ಹೆಣ್ಣುಮಕ್ಕಳಿಗೂ ಸಮಪಾಲಿದೆ, 2020ರಲ್ಲಿ ಸುಪ್ರೀಂ ಕೋರ್ಟು ಅದನ್ನು ಇನ್ನೂ ಸ್ಪಷ್ಟ ಮಾಡಿದೆ. ಎಲ್ಲ ಅಕ್ಕತಂಗಿಯರ ನೋಂದಾಯಿತ ಹಕ್ಕುಬಿಡುಗಡೆ ಪತ್ರ ಇಲ್ಲದೆ ಮುಂದುವರಿಯಬೇಡಿ. ಕಾವೇರಿ ತಂತ್ರಾಂಶದಲ್ಲಿ ಇ.ಸಿ. ತೆಗೆಸಿದರೆ ಅಡವು, ಹಳೇ ವಿಕ್ರಿ ಕಾಣುತ್ತವೆ. ಬಾಯಿಮಾತಿನ ಹಕ್ಕು ಅದರಲ್ಲಿ ಕಾಣುವುದಿಲ್ಲ.

ಕೊಟ್ಟ ಮೇಲೆ

‘ಹನ್ನೆರಡ ವರ್ಷ ಇದ್ರ ಮನಿ ಅವ್ರದ ಆಗ್ತದ’ ಎಂಬ ಹೆದರಿಕೆಗೆ ಮನೆ ಖಾಲಿ ಇಟ್ಟುಕೊಂಡವರನ್ನು ಪ್ರತಿ ಊರಲ್ಲೂ ಕಾಣಬಹುದು. ಬಾಡಿಗೆದಾರ ಎಂದು ಒಪ್ಪಿ ಬಾಡಿಗೆ ಕೊಡುತ್ತಿರುವವರಿಗೆ ಎಷ್ಟು ವರ್ಷ ಇದ್ದರೂ ಮನೆಯ ಒಡೆತನ ಬರುವುದಿಲ್ಲ. ಅದಕ್ಕೆ ಪುರಾವೆ ಬೇಕಷ್ಟೆ. ಬಾಡಿಗೆಯನ್ನು ಫೋನ್‌ಪೇಯಲ್ಲೋ ಬ್ಯಾಂಕಿಗೋ ಹಾಕಿಸಿಕೊಳ್ಳಿ, ನಗದು ಪಡೆದರೆ ರಸೀದಿ ಕೊಡಿ, ಕರಾರು ಹೊಸದು ಮಾಡುತ್ತಿರಿ. ಸಂಬಂಧಿಕರಿಗೆ ಬಾಡಿಗೆಯಿಲ್ಲದೆ ಕೊಟ್ಟ ಮನೆಯಲ್ಲೇ ಮುಂದೆ ತಕರಾರು ಹೆಚ್ಚು.

ಕರಾರು 11 ತಿಂಗಳಿಗೆ ಬರೆಯುವುದಕ್ಕೆ ಕಾರಣ ನೋಂದಣಿ ಕಾಯ್ದೆ. ವರ್ಷಕ್ಕಿಂತ ಹೆಚ್ಚಿನ ಅವಧಿಯ ಗುತ್ತಿಗೆಯನ್ನು ನೋಂದಣಿ ಮಾಡಿಸಲೇಬೇಕು. ತಿಂಗಳ ಬಾಡಿಗೆಯ ಮನೆಯಾದರೆ ಬೇರೆ ಮಾತು ಬರೆದಿಲ್ಲದಿದ್ದಾಗ 1882ರ ಸ್ವತ್ತು ವರ್ಗಾವಣೆ ಕಾಯ್ದೆಯಡಿ 15 ದಿನದ ನೋಟಿಸು ಸಾಕು. ಒಂದು ತಿಂಗಳು ಅಥವಾ ಎರಡು ತಿಂಗಳು ಎಂದು ಬರೆದುಕೊಳ್ಳುವುದೇ ಇಬ್ಬರಿಗೂ ನೆಟ್ಟಗೆ. ಬಾಡಿಗೆಯ ಬದಲು ಒಟ್ಟು ದುಡ್ಡು ಇಸಿದುಕೊಂಡು ಲೀಸಿಗೆ ಕೊಡುವವರಿದ್ದಾರೆ. ಆ ದುಡ್ಡು ಮಗಳ ಮದುವೆಗೋ ಬೋರಿಗೋ ಹೋಗುತ್ತದೆ, ಮೂರು ವರ್ಷದ ಮೇಲೆ ವಾಪಸು ಕೊಡಲು ಇನ್ನೊಬ್ಬ ಲೀಸುದಾರನನ್ನು ಹುಡುಕಬೇಕಾಗುತ್ತದೆ. ಬೇರೆ ದಾರಿ ಇರುವಾಗ ಅದರ ಗೊಡವೆ ಬೇಡ.

ಆದಾಯ ತೆರಿಗೆಯಲ್ಲಿ ಬಾಡಿಗೆಗೆ ಒಂದು ಅನುಕೂಲವಿದೆ. ಕಟ್ಟಿದ ಆಸ್ತಿ ತೆರಿಗೆ ಕಳೆದ ಮೇಲೆ ಉಳಿದದ್ದರಲ್ಲಿ ಶೇ 30ನ್ನು ರಿಪೇರಿ ಮುಂತಾದ್ದಕ್ಕೆಂದು ಬಿಲ್ಲು ತೋರಿಸದೆಯೇ ಬಿಡುತ್ತಾರೆ, ಸಾಲದ ಬಡ್ಡಿಯನ್ನೂ ಕಳೆಯಬಹುದು. ಬಡ್ಡಿ ಹೆಚ್ಚಾಗಿ ನಷ್ಟ ತೋರಿದರೆ ಹಳೇ ಪದ್ಧತಿಯಲ್ಲಿ ವರ್ಷಕ್ಕೆ 2 ಲಕ್ಷದವರೆಗೆ ಸಂಬಳದ ಎದುರು ಹೊಂದಿಸಿಕೊಳ್ಳಬಹುದು, ಹೊಸ ಪದ್ಧತಿಯಲ್ಲಿ ಆ ಅವಕಾಶವಿಲ್ಲ. ನೌಕರಿಯಲ್ಲಿದ್ದು ಹೊಸ ಪದ್ಧತಿ ಆಯ್ದುಕೊಂಡವರು ‘ಟ್ಯಾಕ್ಸ್ ಉಳೀತದ’ ಎಂಬ ಮಾತಿಗೆ ಸಾಲ ಮಾಡಿ ಬಾಡಿಗೆ ಮನೆ ಕಟ್ಟುವುದರಲ್ಲಿ ಅರ್ಥವಿಲ್ಲ.

ಇನ್ನು ಮನೆ ಖಾಲಿ ಬೀಳುವ ಕಾಲ. ಈ ಊರುಗಳಲ್ಲಿ ಬಾಡಿಗೆದಾರರು ಓಡಾಡುವುದು ಶಾಲೆಯ ಕ್ಯಾಲೆಂಡರಿನಂತೆ. ಮೇ ತಿಂಗಳಲ್ಲಿ ರಜೆ ಮತ್ತು ವರ್ಗಾವಣೆಯ ಮಾತು, ಜೂನ್ ಮೊದಲ ವಾರದೊಳಗೆ ಮನೆ ಹಿಡಿಯುವ ಅವಸರ. ಆಗ ತಪ್ಪಿದ ಮನೆ ಮುಂದಿನ ಬೇಸಿಗೆವರೆಗೂ ಒಳ್ಳೆಯ ಬಾಡಿಗೆದಾರರಿಗಾಗಿ ಕಾಯಬೇಕಾದೀತು. ಹಾಗಾಗಿ ದಸರೆಯ ಹೊತ್ತಿಗೆ ಮುಗಿಯುವಂತೆ ಕಟ್ಟಡ ಶುರು ಮಾಡುವುದಕ್ಕಿಂತ ಏಪ್ರಿಲಿಗೆ ಮುಗಿಯುವಂತೆ ಮಾಡಿ. ಕರಾರನ್ನು ಜೂನ್ 1ರಿಂದ ಬರೆದರೆ 11 ತಿಂಗಳು ಏಪ್ರಿಲ್ 30ಕ್ಕೆ ಮುಗಿಯುತ್ತದೆ. ಇರುವವರು ಮುಂದುವರಿಯುತ್ತಾರೋ ಬಿಡುತ್ತಾರೋ ಎಂದು ಮಾರ್ಚಿನಲ್ಲೇ ಕೇಳಿಟ್ಟುಕೊಳ್ಳಿ. ಬಿಡುವವರಾದರೆ ಮೇ ತಿಂಗಳಲ್ಲಿ ಸುಣ್ಣಬಣ್ಣ ಮಾಡಿಸಿ, ಸಂಪು ತೊಳೆಸಿ, ಶಾಲೆ ಬಾಗಿಲು ತೆರೆಯುವ ಮೊದಲು ಪಟ್ಟಣದ ಹೆಡ್‌ಮಾಸ್ತರರ, ಬ್ಯಾಂಕ್ ಮ್ಯಾನೇಜರರ ಕಿವಿಗೆ ಮನೆ ಖಾಲಿಯಿರುವ ಸುದ್ದಿ ಹಾಕಿ.